65 ತುಂಬುವ ಮೊದಲು ಕ್ಯಾಲೆಂಡರ್ ನೋಡಿ: ಅಮೆರಿಕದ ಕನ್ನಡ ಮನೆಗಳಿಗೆ ಮೆಡಿಕೇರ್

ನಮ್ಮ ಅಡುಗೆಮನೆ ಗೋಡೆಗೆ ಪ್ರತಿ ವರ್ಷ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಬರಲೇಬೇಕು. ಊರಿಂದ ಬರುವವರು ಯಾರಾದರೂ ಸುರುಳಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಏಕಾದಶಿ, ಸಂಕಷ್ಟಿ ನೋಡೋಕೆ ಅಂತ ಇದ್ದ ಆ ಕ್ಯಾಲೆಂಡರಿನಲ್ಲಿ ಈಗ ನಾನು ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರ ಹಿರಿಯರಿಗೆ ಕೊಡುವ ಹೆಲ್ತ್ ಇನ್ಶೂರೆನ್ಸಿನ ತಾರೀಖುಗಳನ್ನೂ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ. ನಮ್ಮ ಮನೆಯವರದ್ದು, ಅತ್ತೆಯದ್ದು, ನಾಲ್ಕಾರು ಸ್ನೇಹಿತರದ್ದು ಎಲ್ಲ ಅಲ್ಲೇ ಇವೆ.

ಈ ಅಭ್ಯಾಸ ಶುರುವಾಗಿದ್ದು ನಮ್ಮನೆಯವರಿಂದ. ಅವರು 66ನೇ ವಯಸ್ಸಿನಲ್ಲಿ ಜೂನ್ ಕೊನೆಗೆ ಕೆಲಸ ಬಿಟ್ಟರು. ಕಂಪನಿಯವರು ಕೋಬ್ರಾ ಕೊಟ್ಟರು. ಅಂದರೆ ಹಳೆಯ ಇನ್ಶೂರೆನ್ಸನ್ನೇ, ಪೂರ್ತಿ ದುಡ್ಡು ನಾವೇ ಕಟ್ಟಿಕೊಂಡು, 18 ತಿಂಗಳು ಮುಂದುವರಿಸಬಹುದು. ಇನ್ಶೂರೆನ್ಸ್ ಇದೆಯಲ್ಲ, ಡಾಕ್ಟರ್, ಟೆಸ್ಟುಗಳ ಖರ್ಚು ನೋಡುವ ಮೆಡಿಕೇರ್ ಪಾರ್ಟ್ ಬಿ ಆಮೇಲೆ ತಗೊಂಡರಾಯಿತು ಅಂದುಕೊಂಡೆವು. ಯಾರೂ ಬೇಡ ಅನ್ನಲಿಲ್ಲ. ಕೆಲಸ ಬಿಟ್ಟ ಮೇಲೆ ಪಾರ್ಟ್ ಬಿ ಸೇರೋಕೆ 8 ತಿಂಗಳು ಮಾತ್ರ ಸಮಯ. ಕೋಬ್ರಾ ಇದ್ದರೂ ಆ 8 ತಿಂಗಳು ಓಡುತ್ತಲೇ ಇರುತ್ತದೆ. ಇದು ನಮಗೆ ಗೊತ್ತಾದದ್ದು ಮರುವರ್ಷ ಡಿಸೆಂಬರಿನಲ್ಲಿ, ಕೋಬ್ರಾ ಮುಗಿಯುವ ಹೊತ್ತಿಗೆ.

ಜನವರಿಯಲ್ಲಿ ಅರ್ಜಿ ಹಾಕಿದೆವು, ಫೆಬ್ರವರಿ 1ಕ್ಕೆ ಪಾರ್ಟ್ ಬಿ ಶುರುವಾಯಿತು. ನಡುವಿನ ಒಂದು ತಿಂಗಳು ಅವರಿಗೆ ಆಸ್ಪತ್ರೆ ಸೇರಿದರೆ ಸಿಗುವ ಪಾರ್ಟ್ ಎ ಬಿಟ್ಟರೆ ಬೇರೇನೂ ಇರಲಿಲ್ಲ. ಡಾಕ್ಟರ್ ಫೀಸು, ಸ್ಕ್ಯಾನು, ಎಮರ್ಜೆನ್ಸಿ ರೂಮು ಎಲ್ಲ ನಮ್ಮ ಕೈಯಿಂದಲೇ. ದೀಪಾವಳಿಗೆ ಸೂರಿನ ಅಂಚಿಗೆ ಕಟ್ಟಿದ್ದ ಸೀರಿಯಲ್ ಲೈಟ್ ಆ ವರ್ಷ ಫೆಬ್ರವರಿವರೆಗೂ ಹಾಗೇ ನೇತಾಡುತ್ತಿತ್ತು. ಏಣಿ ಹತ್ತೋಕೆ ನಾನು ಬಿಡಲಿಲ್ಲ. ದಂಡವೂ ಬಿತ್ತು: ಪಾರ್ಟ್ ಬಿ ಕಂತಿನ ಮೇಲೆ 10 ಶೇಕಡಾ, ಬದುಕಿರುವವರೆಗೂ. 2026ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 20 ಡಾಲರ್. ದುಡ್ಡಿಗಿಂತ ಆ ಜನವರಿಯ ಹೆದರಿಕೆಯೇ ನನಗೆ ಇವತ್ತಿಗೂ ನೆನಪು.

ನಾನು ನ್ಯೂಜೆರ್ಸಿಯ ಒಂದು ಊರಿನ ಲೈಬ್ರರಿಯಲ್ಲಿ 19 ವರ್ಷ ಕೆಲಸ ಮಾಡಿದವಳು. ನಿವೃತ್ತಿ ಆದ ಮೇಲೆ ಶಿಪ್ ಅನ್ನುವ ಸರ್ಕಾರಿ ಸಲಹಾ ಕೇಂದ್ರದಲ್ಲಿ ತರಬೇತಿ ತಗೊಂಡು ಸ್ವಯಂಸೇವಕಿ ಆದೆ. ಪೂರ್ತಿ ಹೆಸರು ಸ್ಟೇಟ್ ಹೆಲ್ತ್ ಇನ್ಶೂರೆನ್ಸ್ ಅಸಿಸ್ಟೆನ್ಸ್ ಪ್ರೋಗ್ರಾಂ. ಎಲ್ಲ ರಾಜ್ಯಗಳಲ್ಲೂ ಇದೆ, ಸಲಹೆಗೆ ದುಡ್ಡಿಲ್ಲ, ಯಾವ ಪ್ಲಾನನ್ನೂ ಮಾರುವುದಿಲ್ಲ. ಅಲ್ಲಿ ಕಲಿತದ್ದನ್ನು, ದೇವಸ್ಥಾನದಲ್ಲಿ ಊಟದ ಹೊತ್ತಿಗೆ ನಮ್ಮವರು ನನ್ನನ್ನು ಹಿಡಿದು ಕೇಳುವ ಪ್ರಶ್ನೆಗಳ ಜೊತೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು, ಯಾರಿಗೆ ಸಿಗುತ್ತದೆ

ಮೆಡಿಕೇರ್ 1965ರಲ್ಲಿ ಕಾನೂನಾಯಿತು. 65 ತುಂಬಿದ ಅಮೆರಿಕದ ನಾಗರಿಕರಿಗೆ, ಮತ್ತು ಗ್ರೀನ್ ಕಾರ್ಡ್ ಇದ್ದು ಇಲ್ಲಿ ನೆಲೆಸಿದವರಿಗೆ. ಇಲ್ಲಿ ಕೆಲಸ ಮಾಡಿ 40 ಕ್ರೆಡಿಟ್, ಅಂದರೆ ಹೆಚ್ಚುಕಡಿಮೆ 10 ವರ್ಷ ಸೋಷಿಯಲ್ ಸೆಕ್ಯೂರಿಟಿ ತೆರಿಗೆ ಕಟ್ಟಿದ್ದರೆ ಪಾರ್ಟ್ ಎ ಪುಕ್ಕಟೆ. ಊರಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ 30 ವರ್ಷ ದುಡಿದಿದ್ದರೂ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.

ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಿ. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬಂದು, ಮಕ್ಕಳನ್ನು ಸಾಕುತ್ತಾ ಮನೆಯಲ್ಲೇ ಇದ್ದವರು ಎಷ್ಟೋ ಜನ "ನನಗೇನೂ ಸಿಗಲ್ಲ, ನಾನು ಕೆಲಸವೇ ಮಾಡಿಲ್ಲ" ಅಂತಾರೆ. ಸಿಗುತ್ತದೆ. ಗಂಡನಿಗೆ 40 ಕ್ರೆಡಿಟ್ ಇದ್ದು, ಅವರಿಗೆ ಕನಿಷ್ಠ 62 ಆಗಿದ್ದರೆ, 65 ತುಂಬಿದ ಹೆಂಡತಿಗೆ ಅವರ ಲೆಕ್ಕದ ಮೇಲೆಯೇ ಪಾರ್ಟ್ ಎ ಪುಕ್ಕಟೆ ಬರುತ್ತದೆ. ಇದನ್ನು ಹೇಳಿದಾಗ ಒಬ್ಬರು ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ತನ್ನದು ಅಂತ ಈ ದೇಶದಲ್ಲಿ ಏನೂ ಇಲ್ಲ ಅಂದುಕೊಂಡಿದ್ದರು ಅವರು.

ಏಳು ತಿಂಗಳ ಲೆಕ್ಕ

65 ತುಂಬುವ ತಿಂಗಳು, ಅದರ ಹಿಂದಿನ 3 ತಿಂಗಳು, ಮುಂದಿನ 3 ತಿಂಗಳು. ಒಟ್ಟು 7 ತಿಂಗಳು ಸೇರುವ ಅವಧಿ. ಹಿಂದಿನ 3 ತಿಂಗಳಲ್ಲೇ ಅರ್ಜಿ ಹಾಕಿದರೆ 65 ತುಂಬುವ ತಿಂಗಳ 1ನೇ ತಾರೀಖಿನಿಂದಲೇ ಶುರು. ಆಮೇಲೆ ಹಾಕಿದರೆ ಅರ್ಜಿ ಹಾಕಿದ ಮರುತಿಂಗಳಿಂದ.

ನಮ್ಮ ತಲೆಮಾರಿನವರ ಹುಟ್ಟಿದ ತಾರೀಖಿನ ಕಥೆ ನಿಮಗೆ ಗೊತ್ತೇ ಇದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು, ಪಾಸ್‌ಪೋರ್ಟಿಗೂ ಅದೇ ಬಂತು. ನಮ್ಮ ತಿಪಟೂರಿನ ಕಡೆ ನನ್ನ ಜೊತೆ ಓದಿದ ಅರ್ಧ ತರಗತಿಗೆ ಒಂದೇ ಹುಟ್ಟುಹಬ್ಬ. ತಿಂಗಳ 1ನೇ ತಾರೀಖಿಗೆ ಹುಟ್ಟಿದವರಿಗೆ ಮೆಡಿಕೇರ್ ಒಂದು ತಿಂಗಳು ಮೊದಲೇ ಬರುತ್ತದೆ. ಜೂನ್ 1 ಅಂತಿದ್ದರೆ ಮೇ 1ರಿಂದಲೇ. ಅವರ 7 ತಿಂಗಳು ಫೆಬ್ರವರಿಗೆ ಶುರುವಾಗಿ ಆಗಸ್ಟಿಗೆ ಮುಗಿಯುತ್ತದೆ. ಸೆಪ್ಟೆಂಬರ್ ಅಂತ ಕಾದು ಕೂತರೆ ತಪ್ಪಿಹೋಯಿತು.

ಸೋಷಿಯಲ್ ಸೆಕ್ಯೂರಿಟಿ ಪೆನ್ಷನ್ ಆಗಲೇ ಬರುತ್ತಿದ್ದರೆ ಕಾರ್ಡು ತಾನಾಗಿಯೇ ಮನೆಗೆ ಬರುತ್ತದೆ. ಇಲ್ಲದಿದ್ದರೆ ನೀವೇ ಅರ್ಜಿ ಹಾಕಬೇಕು. ಅರ್ಜಿ ಹಾಕುವುದು ಸೋಷಿಯಲ್ ಸೆಕ್ಯೂರಿಟಿ ಆಫೀಸಿಗೆ, ಅವರ ವೆಬ್‌ಸೈಟಿನಲ್ಲೂ ಆಗುತ್ತದೆ.

65 ಆದ ಮೇಲೂ ಕೆಲಸದಲ್ಲಿದ್ದೀರಾ? ಕಂಪನಿಯಲ್ಲಿ 20 ಅಥವಾ ಜಾಸ್ತಿ ಜನ ಇದ್ದು, ನಿಮ್ಮ ಅಥವಾ ಗಂಡ-ಹೆಂಡತಿಯ ಈಗಿನ ಕೆಲಸದಿಂದ ಇನ್ಶೂರೆನ್ಸ್ ಬರುತ್ತಿದ್ದರೆ ಪಾರ್ಟ್ ಬಿ ಮುಂದಕ್ಕೆ ಹಾಕಬಹುದು, ದಂಡವಿಲ್ಲ. 20ಕ್ಕಿಂತ ಕಡಿಮೆ ಇದ್ದರೆ ಮೆಡಿಕೇರೇ ಮೊದಲು ಕೊಡಬೇಕಾದದ್ದು, ಆದ್ದರಿಂದ ತಗೊಳ್ಳಲೇಬೇಕು. ಕೆಲಸ ಬಿಡುವ ದಿನ ಗೊತ್ತಾದ ಕೂಡಲೇ ಎರಡು ಫಾರಂ ಕೇಳಿ: ಸಿಎಂಎಸ್-40ಬಿ ನೀವು ತುಂಬುವುದು, ಸಿಎಂಎಸ್-ಎಲ್564 ಕಂಪನಿಯವರು ಸಹಿ ಹಾಕಿಕೊಡುವುದು. ಆಫೀಸಿನಲ್ಲಿ ನಿಮ್ಮ ಬ್ಯಾಡ್ಜ್ ಇನ್ನೂ ನಡೆಯುವಾಗಲೇ ಆ ಸಹಿ ಹಾಕಿಸಿಕೊಳ್ಳಿ. ಆರೋಗ್ಯದ ಖರ್ಚಿಗೆ ಅಂತ ತೆರಿಗೆ ಇಲ್ಲದೆ ಕೂಡಿಡುವ ಎಚ್‌ಎಸ್‌ಎ ಖಾತೆಗೆ ದುಡ್ಡು ಹಾಕುತ್ತಿದ್ದರೆ, ಮೆಡಿಕೇರ್ ಅರ್ಜಿಗೆ 6 ತಿಂಗಳು ಮೊದಲೇ ನಿಲ್ಲಿಸಿ. 65 ದಾಟಿದವರಿಗೆ ಪಾರ್ಟ್ ಎ 6 ತಿಂಗಳವರೆಗೆ ಹಿಂದಿನ ತಾರೀಖಿನಿಂದಲೇ ಶುರುವಾದ ಹಾಗೆ ಲೆಕ್ಕ.

ಎಲ್ಲ ಅವಧಿಯೂ ತಪ್ಪಿದವರಿಗೆ ಜನವರಿ 1ರಿಂದ ಮಾರ್ಚ್ 31ರವರೆಗೆ ಒಂದು ಅವಕಾಶ ಇದೆ, ನಮಗೆ ಸಿಕ್ಕಿದ್ದು ಅದೇ. ತಡವಾದ ಪ್ರತಿ 12 ತಿಂಗಳಿಗೆ 10 ಶೇಕಡಾ ದಂಡ ಕೂಡುತ್ತಾ ಹೋಗುತ್ತದೆ.

ಎ, ಬಿ, ಸಿ, ಡಿ

ಪಾರ್ಟ್ ಎ ಆಸ್ಪತ್ರೆಗೆ ಸೇರಿದಾಗ. 2026ರಲ್ಲಿ ಒಂದು ಸಲ ಸೇರಿದರೆ ಮೊದಲ 1,736 ಡಾಲರ್ ನಿಮ್ಮದು. ಪಾರ್ಟ್ ಬಿ ಡಾಕ್ಟರ್, ಟೆಸ್ಟು, ಹೊರರೋಗಿ ಚಿಕಿತ್ಸೆಗೆ. ಇದರ ಕಂತು 2026ಕ್ಕೆ ತಿಂಗಳಿಗೆ 202.90 ಡಾಲರ್. ವರ್ಷಕ್ಕೆ ಮೊದಲ 283 ಡಾಲರ್ ನೀವು ಕೊಟ್ಟ ಮೇಲೆ 80 ಶೇಕಡಾ ಅವರು, 20 ಶೇಕಡಾ ನೀವು. ಆ 20ಕ್ಕೆ ಮೇಲ್ಮಿತಿ ಇಲ್ಲ, ಈ ಮಾತು ನೆನಪಿರಲಿ. ಆದಾಯ ಜಾಸ್ತಿ ಇದ್ದವರಿಗೆ, 2026ರಲ್ಲಿ ಒಬ್ಬರಿಗೆ 1,09,000 ಅಥವಾ ದಂಪತಿಗೆ 2,18,000 ಡಾಲರ್ ದಾಟಿದ್ದರೆ, ಕಂತೂ ಜಾಸ್ತಿ. ಅದಕ್ಕೆ ನೋಡುವುದು ಎರಡು ವರ್ಷದ ಹಿಂದಿನ ಟ್ಯಾಕ್ಸ್. ಈಗ ನಿವೃತ್ತಿ ಆಗಿ ಆದಾಯ ಇಳಿದಿದ್ದರೆ ಎಸ್‌ಎಸ್‌ಎ-44 ಫಾರಂ ಕೊಟ್ಟು ಕಡಿಮೆ ಮಾಡಿಸಿಕೊಳ್ಳಬಹುದು. ಐಟಿಯಲ್ಲಿ ದುಡಿದ ನಮ್ಮವರು ಇದನ್ನು ಕೇಳದೆ ಸುಮ್ನೆ ಕಟ್ಟುತ್ತಿರುತ್ತಾರೆ.

ಪಾರ್ಟ್ ಡಿ ಔಷಧಿಗೆ. ಪಾರ್ಟ್ ಸಿ ಅಂದರೆ ಅಡ್ವಾಂಟೇಜ್, ಇದೆಲ್ಲವನ್ನೂ ಖಾಸಗಿ ಕಂಪನಿಯ ಮೂಲಕ ಒಟ್ಟಿಗೆ ತಗೊಳ್ಳುವುದು.

ನಿಜವಾದ ತೀರ್ಮಾನ ಇರುವುದು ಇಲ್ಲಿ. ಒಂದು ದಾರಿ, ಎ ಮತ್ತು ಬಿ ಇಟ್ಟುಕೊಂಡು, ಆ 20 ಶೇಕಡಾ ಭರಿಸೋಕೆ ಮೆಡಿಗ್ಯಾಪ್ ಅನ್ನುವ ಪೂರಕ ಪಾಲಿಸಿ, ಔಷಧಿಗೆ ಬೇರೆ ಪಾರ್ಟ್ ಡಿ. ಇದಕ್ಕೆ ಪ್ರತಿ ತಿಂಗಳು ದುಡ್ಡು ಜಾಸ್ತಿ. ಆದರೆ ಮೆಡಿಕೇರ್ ತಗೊಳ್ಳುವ ಯಾವ ಡಾಕ್ಟರ ಹತ್ತಿರವೂ, ಯಾವ ರಾಜ್ಯದಲ್ಲೂ ಹೋಗಬಹುದು. ಇನ್ನೊಂದು ದಾರಿ ಅಡ್ವಾಂಟೇಜ್. ಕಂತು ಕಡಿಮೆ, ಎಷ್ಟೋ ಪ್ಲಾನಿಗೆ ಪಾರ್ಟ್ ಬಿ ಕಂತಿನ ಮೇಲೆ ಇನ್ನೇನೂ ಕಟ್ಟುವಂತಿಲ್ಲ, ಹಲ್ಲು-ಕಣ್ಣಿಗೂ ಸ್ವಲ್ಪ ಕೊಡುತ್ತಾರೆ, ವರ್ಷದ ಖರ್ಚಿಗೆ ಮೇಲ್ಮಿತಿಯೂ ಇರುತ್ತದೆ. ಆದರೆ ಸಾಮಾನ್ಯವಾಗಿ ಅವರ ಪಟ್ಟಿಯ ಡಾಕ್ಟರ ಹತ್ತಿರವೇ ಹೋಗಬೇಕು, ಎಂಆರ್‌ಐಗೋ ಆಪರೇಷನ್ನಿಗೋ ಮೊದಲು ಕಂಪನಿಯ ಒಪ್ಪಿಗೆ ಬೇಕು.

ಟಿವಿ ಜಾಹೀರಾತು ನೋಡಿ ಅಡ್ವಾಂಟೇಜ್ ತಗೊಳ್ಳಬೇಡಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದು, ನಿಮ್ಮ ಡಾಕ್ಟರು ಪಟ್ಟಿಯಲ್ಲಿದ್ದರೆ ಅದು ಒಳ್ಳೆಯದೇ. ಆದರೆ ಕಟ್ಟುವ ಶಕ್ತಿ ಇದ್ದರೆ ಮೊದಲ ದಾರಿಯಲ್ಲೇ ಶುರು ಮಾಡಿ ಅಂತ ನಾನು ಮನೆಯವರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಕಾರಣ ಮತ್ತೆ ತಾರೀಖು. 65 ದಾಟಿ ಪಾರ್ಟ್ ಬಿ ಶುರುವಾದ ದಿನದಿಂದ 6 ತಿಂಗಳು ಮಾತ್ರ ಯಾವ ಮೆಡಿಗ್ಯಾಪ್ ಕಂಪನಿಯೂ ನಿಮ್ಮ ಶುಗರ್, ಸ್ಟೆಂಟ್ ಕೇಳುವ ಹಾಗಿಲ್ಲ. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಕೇಳಬಹುದು, ಬೇಡ ಅನ್ನಲೂಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ರಾಜ್ಯದವರಿಗೆ ಈ ಚಿಂತೆ ಕಡಿಮೆ. ಉಳಿದವರಿಗೆ, ಅಡ್ವಾಂಟೇಜಿನಿಂದ ವಾಪಸ್ ಬರೋದು ವಯಸ್ಸಾದಷ್ಟೂ ಕಷ್ಟ.

ಮಾತ್ರೆ ಡಬ್ಬಿ ತೆರೆದಾಗ

ಅತ್ತೆಯ ಔಷಧಿ ಡಬ್ಬಿ ಮೊದಲು ಚಕ್ಕುಲಿ ಡಬ್ಬಿ ಆಗಿತ್ತು. ಪಾರ್ಟ್ ಡಿ ಪ್ಲಾನ್ ಹುಡುಕೋಕೆ ಕೂತ ದಿನ ಅದನ್ನು ಊಟದ ಟೇಬಲ್ ಮೇಲೆ ಸುರಿದೆವು. ಗ್ಲೈಕೊಮೆಟ್, ಟೆಲ್ಮಾ, ಎಲ್ಟ್ರಾಕ್ಸಿನ್. ಮೆಡಿಕೇರ್ ವೆಬ್‌ಸೈಟಿನಲ್ಲಿ ಔಷಧಿ ಹೆಸರು ಹಾಕಿದರೆ ಯಾವ ಪ್ಲಾನಿನಲ್ಲಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಆದರೆ ನಮ್ಮೂರಿನ ಬ್ರಾಂಡ್ ಹೆಸರು ಅಲ್ಲಿ ಸಿಗುವುದಿಲ್ಲ. ಅತ್ತೆ "ನನ್ನ ಮಾತ್ರೆ ಇವರ ದೇಶದಲ್ಲಿ ಇಲ್ವೇನೇ?" ಅಂದರು, ಮುಖ ಸಣ್ಣಗಾಗಿತ್ತು.

ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು ಇರುತ್ತದೆ. ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್. ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್. ಎಲ್ಟ್ರಾಕ್ಸಿನ್ ಅಂದರೆ ಥೈರಾಕ್ಸಿನ್, ಇಲ್ಲಿ ಲೀವೊಥೈರಾಕ್ಸಿನ್ ಅಂತಾರೆ. ಪಕ್ಕದಲ್ಲಿರುವ ಮಿಲಿಗ್ರಾಂ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಥೈರಾಯ್ಡ್ ಮಾತ್ರೆಯದ್ದು ಮೈಕ್ರೋಗ್ರಾಂ, ಅದನ್ನು ಮಿಲಿ ಅಂತ ಬರೆಯಬೇಡಿ. ಆ ಹಾಳೆಯ ಒಂದು ಪ್ರತಿ ಪರ್ಸಿನಲ್ಲಿ ಇರಲಿ, ಇಲ್ಲಿನ ಡಾಕ್ಟರಿಗೂ ಬೇಕಾಗುತ್ತದೆ. ಬಹುತೇಕ ಇವೆಲ್ಲ ಇಲ್ಲಿ ಅಗ್ಗದ ಮಾತ್ರೆಗಳೇ.

2026ರಲ್ಲಿ ಪಾರ್ಟ್ ಡಿ ಔಷಧಿಗೆ ನಿಮ್ಮ ಕೈಯಿಂದ ಹೋಗುವುದು ವರ್ಷಕ್ಕೆ ಗರಿಷ್ಠ 2,100 ಡಾಲರ್. ಇನ್ಸುಲಿನ್ ತಿಂಗಳಿಗೆ 35 ಡಾಲರ್ ದಾಟುವ ಹಾಗಿಲ್ಲ. ಮಾತ್ರೆಯೇ ತಗೊಳ್ಳದ ಗಟ್ಟಿಮುಟ್ಟಾದವರೂ ಒಂದು ಕಡಿಮೆ ಕಂತಿನ ಪಾರ್ಟ್ ಡಿ ಹಿಡಿದಿಡಿ, ಇದಕ್ಕೂ ತಡವಾದರೆ ದಂಡ ಇದೆ. ಪ್ಲಾನುಗಳು ವರ್ಷ ವರ್ಷ ಬದಲಾಗುತ್ತವೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ. ನಮ್ಮ ಕ್ಯಾಲೆಂಡರಿನಲ್ಲಿ ಇದು ನವರಾತ್ರಿ, ದೀಪಾವಳಿಯ ಗಡಿಬಿಡಿಯ ಹತ್ತಿರವೇ ಬರುತ್ತದೆ, ಅದಕ್ಕೇ ಮರೆಯುತ್ತದೆ.

ಊರಿಂದ ಕರೆಸಿಕೊಂಡ ಅಪ್ಪ ಅಮ್ಮ

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಗ್ರೀನ್ ಕಾರ್ಡ್ ಬಂದ ಅಪ್ಪ ಅಮ್ಮನಿಗೆ 65 ದಾಟಿದ್ದರೂ, ಇಲ್ಲಿ 5 ವರ್ಷ ಸತತವಾಗಿ ನೆಲೆಸಿದ ಮೇಲೆಯೇ. ಮಗ ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಅವನ ಕ್ರೆಡಿಟ್ ಅಮ್ಮನಿಗೆ ಬರುವುದಿಲ್ಲ, ಅವನ ಕಂಪನಿ ಇನ್ಶೂರೆನ್ಸೂ ಅಮ್ಮನ ಪಾರ್ಟ್ ಬಿ ಮುಂದಕ್ಕೆ ಹಾಕೋಕೆ ಆಗುವುದಿಲ್ಲ. ಆ 5 ವರ್ಷ ಸರ್ಕಾರ ನಡೆಸುವ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸಿನಲ್ಲಿ ಪಾಲಿಸಿ ಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ ಅದಕ್ಕೆ ಗೆಟ್ ಕವರ್ಡ್ ನ್ಯೂಜೆರ್ಸಿ ಅಂತ ಹೆಸರು. ಗ್ರೀನ್ ಕಾರ್ಡ್ ಬಂದ ಕೂಡಲೇ ನೋಂದಣಿ ಮಾಡಿಸಿ, ಅಲ್ಲೂ ಅವಧಿ ಇದೆ.

ಅತ್ತೆಯ ಗ್ರೀನ್ ಕಾರ್ಡ್ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಅವರಿಗೆ ಆಗಲೇ 65 ದಾಟಿತ್ತು. ಐದು ವರ್ಷ ತುಂಬಿದ್ದು 2023ರ ಸೆಪ್ಟೆಂಬರಿಗೆ. ಅವರ 7 ತಿಂಗಳನ್ನು ನಾನು ಜೂನ್‌ನಿಂದ ಡಿಸೆಂಬರ್ ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೆ. ಸೋಷಿಯಲ್ ಸೆಕ್ಯೂರಿಟಿ ಆಫೀಸಿಗೆ ಹೋಗುವಾಗ ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಎರಡೂ ತಗೊಂಡು ಹೋದೆವು. ನಡುವೆ ಅವರು ಮೊಮ್ಮಗಳ ಮದುವೆಗೆ ಅಂತ 4 ತಿಂಗಳು ಊರಲ್ಲಿದ್ದರು, ಅದನ್ನು ಆಫೀಸಿನವರು ಕೇಳಿದರು. ಒಂದೇ ಸಲಕ್ಕೆ 6 ತಿಂಗಳು ದಾಟಿ ಹೊರಗಿದ್ದರೆ ಸತತ ನೆಲೆಸಿದ್ದೀರಾ ಅನ್ನುವ ಪ್ರಶ್ನೆ ಏಳುತ್ತದೆ. ಅಮ್ಮನಿಗೆ ಊರಿನ ಸೆಳೆತ ಇದ್ದೇ ಇರುತ್ತದೆ, ಕಳಿಸಿ, ಆದರೆ ಟಿಕೆಟ್ ಮಾಡುವಾಗ ಇದನ್ನು ಲೆಕ್ಕದಲ್ಲಿಡಿ.

ಕ್ರೆಡಿಟ್ ಇಲ್ಲದವರು ಪಾರ್ಟ್ ಎಗೂ ದುಡ್ಡು ಕಟ್ಟಬೇಕು. 2026ರಲ್ಲಿ ತಿಂಗಳಿಗೆ 565 ಡಾಲರ್. ಬಿ ಸೇರಿಸಿದರೆ 768ರ ಹತ್ತಿರ. ನಮ್ಮಲ್ಲಿ ಮೂವರು ಅಣ್ಣತಮ್ಮಂದಿರು ಹಂಚಿಕೊಂಡು ಕಟ್ಟುತ್ತಾರೆ. ಬರೀ ಬಿ ಮಾತ್ರ ತಗೊಳ್ಳಬಹುದು, ಆದರೆ ಎ ಇಲ್ಲದೆ ಮೆಡಿಗ್ಯಾಪೂ ಇಲ್ಲ, ಅಡ್ವಾಂಟೇಜೂ ಇಲ್ಲ. ಆದಾಯ ತೀರಾ ಕಡಿಮೆ ಇದ್ದರೆ ಕಂತು ಕಟ್ಟೋಕೆ ನೆರವಾಗುವ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ, ಔಷಧಿಗೆ ಎಕ್ಸ್‌ಟ್ರಾ ಹೆಲ್ಪ್ ಕೇಳಿ ನೋಡಿ.

ಕಾರ್ಡ್ ಬಂದ ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು, ಬಿಳಿ, ನೀಲಿ ಬಣ್ಣದ ಬರೀ ಕಾಗದ. ಫೋಟೋ ಇಲ್ಲ, ಪ್ಲಾಸ್ಟಿಕ್ ಅಲ್ಲ. 11 ಅಕ್ಷರ-ಅಂಕಿಯ ಒಂದು ನಂಬರ್. "ಇಷ್ಟೇನಾ?" ಅಂದು, ಆಧಾರ್ ಕಾರ್ಡಿನ ಕವರಿಗೇ ಸೇರಿಸಿ ಇಟ್ಟುಕೊಂಡರು. ಆ ನಂಬರನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ ಅಂತ ಅವತ್ತೇ ಹೇಳಿಕೊಟ್ಟೆ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೇ "ಹೊಸ ಕಾರ್ಡ್ ಕಳಿಸ್ತೀವಿ, ನಂಬರ್ ಹೇಳಿ" ಅಂತ ಮೋಸದ ಕರೆ ಬರುವುದು. ಕೇಳಿಸಿಕೊಳ್ಳದೆ ಫೋನ್ ಇಟ್ಟುಬಿಡಿ.

ಊರಿಗೆ ಹೋಗುವಾಗ, ಆಸ್ಪತ್ರೆಯಲ್ಲಿ ಮಲಗಿದಾಗ

ಮೆಡಿಕೇರ್ ಮೈಸೂರಿನಲ್ಲಿ ನಡೆಯುವುದಿಲ್ಲ. ಚಳಿಗಾಲ ಪೂರ್ತಿ ಊರಲ್ಲಿ ಕಳೆಯುವವರು ಇದನ್ನು ಮರೆಯಬಾರದು. ಪ್ಲಾನ್ ಜಿ, ಪ್ಲಾನ್ ಎನ್ ಥರದ ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಹೊರದೇಶದ ಎಮರ್ಜೆನ್ಸಿಗೆ 80 ಶೇಕಡಾ ಕೊಡುತ್ತವೆ. ಅದೂ ಪ್ರಯಾಣದ ಮೊದಲ 60 ದಿನ, ಮೊದಲ 250 ಡಾಲರ್ ನಿಮ್ಮದು, ಇಡೀ ಜೀವನಕ್ಕೆ ಒಟ್ಟು 50,000 ಡಾಲರ್ ಮಿತಿ. ಅದಕ್ಕಿಂತ ಜಾಸ್ತಿ ದಿನ ಇರುವವರು ಬೇರೆ ಟ್ರಾವೆಲ್ ಪಾಲಿಸಿ ಮಾಡಿಸಿ. ಅಡ್ವಾಂಟೇಜ್ ಇದ್ದವರು 6 ತಿಂಗಳು ದಾಟಿ ಹೊರಗಿದ್ದರೆ ಪ್ಲಾನಿನಿಂದಲೇ ತೆಗೆದುಹಾಕಬಹುದು. ಊರಿಗೇ ವಾಪಸ್ ಹೋಗಿ ನೆಲೆಸುತ್ತೇವೆ ಅಂತ ಪಾರ್ಟ್ ಬಿ ಬಿಟ್ಟವರು ಮತ್ತೆ ಬಂದಾಗ ಜನವರಿಗೆ ಕಾಯಬೇಕು, ದಂಡವೂ ಕಟ್ಟಬೇಕು. ಯೋಚಿಸಿ ಬಿಡಿ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದರು. ಹಾಸಿಗೆ, ಡ್ರಿಪ್, ಕೈಗೆ ಪಟ್ಟಿ, ಎಲ್ಲ ಇತ್ತು. ಆದರೆ ಕಾಗದದಲ್ಲಿ ಅವರು ಅಡ್ಮಿಟ್ ಆಗಿರಲೇ ಇಲ್ಲ, "ಅಬ್ಸರ್ವೇಷನ್" ಅಂತಿತ್ತು. ಅಬ್ಸರ್ವೇಷನ್ ಆದರೆ ಖರ್ಚು ಪಾರ್ಟ್ ಬಿಗೆ ಹೋಗುತ್ತದೆ. ಆಮೇಲೆ ನರ್ಸಿಂಗ್ ಕೇಂದ್ರದಲ್ಲಿ ಫಿಸಿಯೋಥೆರಪಿ ಬೇಕಾದರೆ, ಮೊದಲು 3 ದಿನ ಅಡ್ಮಿಟ್ ಆಗಿರಬೇಕು ಅನ್ನುವ ನಿಯಮಕ್ಕೆ ಈ ರಾತ್ರಿಗಳು ಲೆಕ್ಕಕ್ಕೆ ಬರುವುದಿಲ್ಲ. ದಿನಾ ಬೆಳಿಗ್ಗೆ ಕೇಳಿ: "ಇನ್‌ಪೇಷಂಟಾ, ಅಬ್ಸರ್ವೇಷನ್ನಾ?" ಇನ್‌ಪೇಷಂಟ್ ಮಾಡಬೇಕಾದ ಸ್ಥಿತಿ ಇದೆಯಾ ಅಂತ ಡಾಕ್ಟರನ್ನೇ ಕೇಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ನಮಗೆ ಕೇಳೋಕೆ ಸಂಕೋಚ, ಅಲ್ವಾ? ಆ ಸಂಕೋಚ ಆಸ್ಪತ್ರೆ ಬಾಗಿಲಲ್ಲೇ ಬಿಟ್ಟು ಹೋಗಿ.

ಮೊದಲ ಸಲ ಸಲಹೆಗೆ ಹೋಗುವಾಗ ಗ್ರೀನ್ ಕಾರ್ಡ್ ಅಥವಾ ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯೂರಿಟಿ ಕಾಗದ, ಈಗಿನ ಇನ್ಶೂರೆನ್ಸ್ ಕಾರ್ಡ್, ನಿಮ್ಮ ಡಾಕ್ಟರುಗಳ ಹೆಸರು, ಮಾತ್ರೆ ಸ್ಟ್ರಿಪ್‌ಗಳು ಜೊತೆಗಿರಲಿ. ನಿಮ್ಮ ರಾಜ್ಯದ ಶಿಪ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮೆಡಿಕೇರಿನ 1-800-633-4227ಕ್ಕೆ ಕರೆ ಮಾಡಿ, ರಾತ್ರಿ ಹಗಲು ಎತ್ತುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಅನುವಾದಕರು ಬೇಕು ಅಂತ ಕೇಳಿ, ಅದಕ್ಕೆ ದುಡ್ಡಿಲ್ಲ. ಅತ್ತೆಗಾಗಿ ಕರೆ ಮಾಡುವ ಸೊಸೆ, ಮಗ ಯಾರೇ ಆದರೂ ಪಕ್ಕದಲ್ಲಿ ಅವರನ್ನೇ ಕೂರಿಸಿಕೊಳ್ಳಿ. "ಇವರು ನನ್ನ ಪರವಾಗಿ ಮಾತಾಡಬಹುದು" ಅಂತ ಮೊದಲು ಅವರ ಬಾಯಿಂದಲೇ ಬರಬೇಕು.